ಬಲಗೈಯ ಬಾವು

ಬಳೆ ಬಿಗಿಯಾದರೆ ಹೆಂಗಸರು ದಪ್ಪಗಾದೆವು ಎಂದುಕೊಂಡು ಸುಮ್ಮನಾಗುತ್ತಾರೆ. ನಾನೂ ಸುಮ್ಮನಾಗುತ್ತಿದ್ದೆ. ಆದರೆ ಎಡಗೈ ಬಳೆಗಳು ಗಲಗಲ ಎನ್ನುತ್ತಿರುವಾಗ ಬಲಗೈ ಒಂದೇ ದಪ್ಪಗಾಗುವುದು ಎಲ್ಲಿಯ ನ್ಯಾಯ?

ಹಿಂದಿನ ವರ್ಷವಷ್ಟೇ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಬಲಗಡೆಯ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನಗೆ ‘ಆಪರೇಷನ್’ ಆಗಿತ್ತು, ಅಷ್ಟೇ. ಈಗ ಕೈ ಊದತೊಡಗಿದಾಗ ಆ ಹೇಳದ ಹೆಸರೇ ಕಿವಿಯಲ್ಲಿ ಗುಂಯ್‌ಗುಟ್ಟಿತು. ಉದ್ದ ತೋಳಿನ ರವಿಕೆ ಹೊಲಿಸಿಕೊಂಡು ಕೈ ಮುಚ್ಚಿಟ್ಟೆ. ಹೊಸ ಫ್ಯಾಷನ್ ಇರಬೇಕೆಂದು ಪಕ್ಕದ ಮನೆಯವಳೂ ಒಂದು ಹೊಲಿಸಿಕೊಂಡಳು!

ಗುಟ್ಟು ಬಿಟ್ಟುಕೊಟ್ಟದ್ದು ಬೆರಳುಗಳು. ಮಗ್ಗದಲ್ಲಿ ತುಂಡಾದ ರೇಷ್ಮೆ ಎಳೆಯನ್ನು ಗಂಟು ಹಾಕಲು ಹೋದರೆ, ಹಿಡಿದಿದ್ದೇನೋ ಬಿಟ್ಟಿದ್ದೇನೋ ತಿಳಿಯದಷ್ಟು ಜೋಮು. ನನ್ನ ಗಂಡ ಮಗ್ಗ ನಿಲ್ಲಿಸಿ ನೋಡಿದರು.

“ಯಾವಾಗಿಂದ ಹಿಂಗೈತೆ?”

“ಸ್ವಲ್ಪ ದಿನ ಆಯ್ತು. ಹೇಳೋಕೆ ಭಯ ಆಯ್ತು ಕಣ್ರೀ.”

“ನಿಂಗೊಬ್ಬಳಿಗೇನಾ ಭಯ? ನಡಿ, ನಾಳೇನೇ ಹೋಗೋಣ.”

ಮರುದಿನವೇ ಬೆಂಗಳೂರಿನ ಬಸ್ಸು ಹತ್ತಿದೆವು. ಯಲಹಂಕ ದಾಟುವಾಗ ನಾನು ಮನಸ್ಸಿನಲ್ಲೇ ನನ್ನ ಸೀರೆಗಳನ್ನು ಯಾರು ಯಾರಿಗೆ ಎಂದು ಹಂಚುತ್ತಿದ್ದೆ. ಒಳ್ಳೆಯದೊಂದನ್ನು ನಾದಿನಿಗೆ ಕೊಡಲು ಮಾತ್ರ ಆಗಲೂ ಮನಸ್ಸು ಬರಲಿಲ್ಲ.

ಡಾಕ್ಟರು ಕಂಕುಳು, ಕತ್ತು ಒತ್ತಿ ನೋಡಿ, ಕಾಯಿಲೆ ಮರಳಿಲ್ಲ ಎಂದರು. ಮೈಯಲ್ಲಿ ರಕ್ತವಲ್ಲದೆ ಇನ್ನೊಂದು ತಿಳಿನೀರೂ ಹರಿದಾಡುತ್ತದಂತೆ. ಗ್ರಂಥಿ ತೆಗೆದ ಮೇಲೆ ಅದಕ್ಕೆ ದಾರಿಯಿಲ್ಲದೆ ಕೈಯಲ್ಲೇ ನಿಂತಿದೆ, ಆ ಬಾವು ನರವನ್ನು ಅಮುಕಿದ್ದಕ್ಕೇ ಬೆರಳಿಗೆ ಜೋಮು. ಹುಟ್ಟಿದಾಗಿನಿಂದ ನನ್ನೊಳಗೇ ಹರಿದ ನೀರಿನ ಪರಿಚಯ ನನಗಾದದ್ದು ಅದು ನಿಂತ ಮೇಲೆ.

ಅಲ್ಲಿ ವ್ಯಾಯಾಮ ಕಲಿಸುವಾಕೆ ನನ್ನ ಕೈಯನ್ನು ಬೆರಳಿನಿಂದ ಭುಜದ ಕಡೆಗೆ ಹಗುರವಾಗಿ ನೀವಿ, ಅಗಲ ಪಟ್ಟಿ ಸುತ್ತಿ ತೋರಿಸಿದಳು. “ಬೆರಳಲ್ಲಿ ಗೋಡೆ ಹತ್ತಬೇಕಮ್ಮಾ, ಜೇಡ ಹತ್ತೋ ಹಾಗೆ. ಪೂರ್ತಿ ಇಳಿಯುತ್ತೆ ಅಂತ ಹೇಳಲ್ಲ. ಬಿಟ್ಟರೆ ಮಾತ್ರ ಏರುತ್ತೆ.”

ಮನೆಯಲ್ಲಿ ಪಟ್ಟಿ ಸುತ್ತುವ ಕೆಲಸ ಗಂಡನದು. ನೂಲು ಸುತ್ತುವ ಬಿಗಿಯಲ್ಲೇ ಸುತ್ತಿದ್ದರಿಂದ ಮೊದಲ ದಿನ ಬೆರಳು ನೀಲಿಯಾದವು. “ಇದು ಮಗ್ಗ ಅಲ್ಲ ರೀ, ಕೈ!” ಎಂದು ಕಿರುಚಿದೆ. ಬಿಚ್ಚಿ, ಉಸಿರು ಹಿಡಿದು, ಮೆಲ್ಲಗೆ ಮತ್ತೆ ಸುತ್ತಿದರು. ಗೋಡೆ ಹತ್ತುವ ನನ್ನನ್ನು ಕಂಡು ಅತ್ತೆ, “ಸುಣ್ಣ ಎಲ್ಲಾ ಕಿತ್ತು ಬರ್ತೈತೆ ಕಣೇ” ಎನ್ನುತ್ತಲೇ ಕೈ ಒರಗಿಸಲು ತಮ್ಮ ದಿಂಬು ತಂದಿಡುತ್ತಿದ್ದರು. ಬೆಳಗೆದ್ದರೆ ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡುವುದೇ ನನ್ನ ಮೊದಲ ಕೆಲಸ. ಬಾವು ಇಳಿದಂತೆ ಕಂಡರೆ ಕಣ್ಣನ್ನು ನಂಬಲಾರೆ. ಏರಿದಂತೆ ಕಂಡರೆ ತಕ್ಷಣ ನಂಬುವೆ.

ಬಾವು ನಿಧಾನವಾಗಿ ಇಳಿಯಿತು, ಪೂರ್ತಿಯಲ್ಲ. ಒಂದು ಬೆಳಿಗ್ಗೆ ಬಿಸಿ ಕಾಫಿಯ ಲೋಟ ಹಿಡಿದವಳು “ಅಯ್ಯೋ, ಸುಡ್ತು!” ಎಂದು ಕೂಗಿದೆ. ಗಂಡ ಮಗ್ಗ ಬಿಟ್ಟು ಓಡಿ ಬಂದರು.

“ಯಾವ ಕೈ?”

“ಬಲಗೈ!”

“ನಿಜವಾಗ್ಲೂ ಸುಡ್ತಾ?”

ಇಬ್ಬರೂ ನಗತೊಡಗಿದೆವು. ಅತ್ತೆ ಬಾಗಿಲಲ್ಲಿ ನಿಂತು, ಕೈ ಸುಟ್ಟುಕೊಂಡು ನಗುವ ಸೊಸೆಯನ್ನೂ ಅದಕ್ಕೆ ಹಿಗ್ಗುವ ಮಗನನ್ನೂ ನೋಡಿದರು. “ಇನ್ನು ಇಬ್ಬರನ್ನೂ ಒಟ್ಟಿಗೇ ತೋರಿಸ್ಬೇಕು ಡಾಕ್ಟ್ರಿಗೆ” ಎಂದರು.