ಶಂಕ್ರೆಪ್ಪನ ಮದುವೆ ಕ್ಯಾಸೆಟ್ಟು

ರಾಮದುರ್ಗದ ಹಿಂಡಿ ಅಂಗಡಿ ಶಂಕ್ರೆಪ್ಪ ದನದ ಮೇವು ಏನು ಕೇಳಿದರೂ ಕೊಡುತ್ತಾನೆ, ವಾದ ಮಾತ್ರ ಬಿಟ್ಟುಕೊಡುವುದಿಲ್ಲ. ಹೆಂಡತಿಯೊಡನೆ ಇಪ್ಪತ್ತೆರಡು ವರ್ಷದಿಂದ ಒಂದೇ ತಕರಾರು: ಮದುವೆಯ ದಿನ ಹೊಸ್ತಿಲಲ್ಲಿ ನಿಂತು, ಬಾಗಿಲು ತಡೆದವರಿಗೆ ಪ್ರಾಸ ಕಟ್ಟಿ ಒಡಪು ಹೇಳಿದ ಸೀತವ್ವ, ಕೊನೆಗೆ ಬರಬೇಕಾದ ಗಂಡನ ಹೆಸರನ್ನೇ ನುಂಗಿ ಒಳಗೆ ನುಗ್ಗಿದಳು.

"ಹೇಳೇನ್ರಿ. ನಿಮ್ಮ ಕಿವ್ಯಾಗ ಹಿಂಡಿ ತುಂಬಿತ್ತು."

"ಕ್ಯಾಸೆಟ್ ಐತಿ, ಹಚ್ಚಿ ತೋರಸ್ತೇನಿ. ನೀ ಹೇಳಿದ್ದು ಖರೇ ಆದ್ರ ಅದಽ ಹೊಸ್ತಿಲದಾಗ ನಿಂತು ನಾನೂ ನಿನ್ನ ಹೆಸರಿಲೆ ಒಡಪು ಹೇಳತೇನಿ!"

ಸಿಟ್ಟಿನಲ್ಲಿ ಆಡಿದ ಈ ಮಾತನ್ನು ಶಂಕ್ರೆಪ್ಪನ ತಂಗಿ ಯಲ್ಲವ್ವ ಸಂಜೆಯೊಳಗೆ ಓಣಿಗೆಲ್ಲ ಹಂಚಿದಳು.

ಅಂಗೈಯಷ್ಟೂ ಇಲ್ಲದ ಆ ವಿಡಿಯೋ ಕ್ಯಾಸೆಟ್ಟು ಓಡಿಸುವ ಕ್ಯಾಮೆರಾ ಹುಡುಕಿ ಶಂಕ್ರೆಪ್ಪ ಬೈಲಹೊಂಗಲಕ್ಕೆ ಹೋದ. ಸ್ಟುಡಿಯೋದ ಲಗಮಣ್ಣ ಹಳೆಯವು ಎರಡು ತೆಗೆದಿಟ್ಟ.

"ಈ ಸಣ್ಣದು ಒಯ್ರಿ ಸಾವಕಾರ್ರ, ಚಂದ ಐತಿ. ಚಿಪ್ ಹಾಕಿದ್ರ ಆತು."

"ಚಂದ ನೋಡಿ ಎತ್ತು ತಗೋತಾರೇನೋ? ಕ್ಯಾಸೆಟ್ ಹಿಡಿಯೋದು ಕೊಡು."

ದಪ್ಪ ಕ್ಯಾಮೆರಾಕ್ಕೆ ಕ್ಯಾಸೆಟ್ಟು ಹಾಕಿ, ಹಿಂದೆ ಮುಂದೆ ಓಡಿಸಿ, ಮೋಟಾರಿಗೆ ಕಿವಿ ಹಚ್ಚಿ ಕೇಳಿದ ಮೇಲೆಯೇ ಕೊಂಡ.

ಮನೆಯಲ್ಲಿ ಮಗಳು ಪೂನಮ್‌ಳ ಹೊಸ ಲ್ಯಾಪ್‌ಟಾಪಿಗೆ ಕ್ಯಾಮೆರಾದ ವೈರು ಕೂಡುವ ತೂತೇ ಇರಲಿಲ್ಲ. ಇದ್ದದ್ದು ಅಂಗಡಿಯ ಮುದಿ ಕಂಪ್ಯೂಟರಿಗೆ, ಫ್ಯಾನು ತಿರುಗಿದರೆ ಹಿಂಡಿಯ ಧೂಳು ಉಗುಳುವಂಥದ್ದಕ್ಕೆ. ಒಂದು ತಾಸಿನ ಕ್ಯಾಸೆಟ್ಟು ಒಳಗಿಳಿಯಲು ಒಂದು ತಾಸೇ ಬೇಕು. ಗಿರಾಕಿಗಳನ್ನು ನಿಲ್ಲಿಸಿಕೊಂಡು ಮನೆಮಂದಿಯೆಲ್ಲ ಪರದೆಯ ಮುಂದೆ ಕುಂತರು.

ಹೊಸ್ತಿಲು ಬಂತು. ಮದುಮಗಳು ಸೀತವ್ವ ತಲೆ ತಗ್ಗಿಸಿ ಶುರು ಮಾಡಿದಳು: "ಮಲಪ್ರಭಾ ದಂಡಿಗೆ ಬೆಳದೈತಿ ಹಸರ, ಬಾಗಲಾ ಬಿಡ್ರಿ, ಹೇಳತೇನಿ ಗಂಡನ ಹೆಸರ..." ಅಷ್ಟರಲ್ಲಿ ಬ್ಯಾಂಡು ಭೋರೆಂದಿತು.

"ನೋಡಿದ್ರ್ಯಾ? ಹೆಸರಽ ಇಲ್ಲ!" ಶಂಕ್ರೆಪ್ಪ ತೊಡೆ ತಟ್ಟಿದ.

"ಪೂನಮ್, ಹಿಂದಕ್ಕ ಒಯ್ಯಿ. ಸಾವಕಾಶ ಬಿಡು," ಎಂದಳು ಸೀತವ್ವ.

ಸಾವಕಾಶ ಬಿಟ್ಟಾಗ ಅವಳ ತುಟಿಗಳು ಶಂ-ಕ್ರೆ-ಪ್ಪ ಎಂದು ಚೊಕ್ಕಟವಾಗಿ ಅಲುಗಿದವು. ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡ ಮದುಮಗ, ಬ್ಯಾಂಡಿನವರತ್ತ ಕೈ ಬೀಸಿ 'ಹೂಂ, ಹೊಡೀರಿ' ಎನ್ನುತ್ತಿದ್ದ.

"ಅಪ್ಪಾ, ಈ ಕೈ ನಿಂದಽ ಐತಲ್ಲೋ!"

"ಹಸಿವ್ಯಾಗಿತ್ತು," ಎಂದ ಶಂಕ್ರೆಪ್ಪ, ದನಿ ಇಳಿಸಿ.

ಸಂಜೆ ಯಲ್ಲವ್ವ ಅರ್ಧ ಓಣಿ ಕರೆದು ಬಾಗಿಲಿಗೆ ಅಡ್ಡ ನಿಂತಳು. ಶಂಕ್ರೆಪ್ಪ ಹೊಸ್ತಿಲ ಹೊರಗೆ ಬೆವರಿದ.

"ಶೇಂಗಾ ಹಿಂಡಿ, ಕುಸುಬಿ ಹಿಂಡಿ..."

"ಅಣ್ಣಾ, ಅಂಗಡಿ ಪಾಟಿ ಓದಬ್ಯಾಡ!"

"...ಎಲ್ಲಾದಕ್ಕೂ ರೇಟ್ ಹಚ್ಚೇನಿ, ಸೀತವ್ವನ ಮುಂದ ಸೋತು ನಿಂತೇನಿ!"

ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದ ಸೀತವ್ವ ನಾದಿನಿಯ ಕೈ ಸರಿಸಿದಳು. "ಬಿಡವಾ ಯಲ್ಲವ್ವಾ, ಒಳಗ ಬರಲಿ. ಹಸಿವ್ಯಾಗಿರತೈತಿ ಪಾಪ."