ಅಣ್ಣನ ವಿಮಾನದ ಇಂಜಿನ್ ಓಡಿದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಬಾಳ್ಳುಪೇಟೆಯಲ್ಲಿ ಇಪ್ಪತ್ತೈದು ವರ್ಷದಿಂದ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದೇನೆ. ಇಂಧನವಿಲ್ಲದೆ, ಕಿಡಿಯಿಲ್ಲದೆ ಪೆಟ್ರೋಲ್ ಇಂಜಿನ್ ಓಡುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ನಾಲ್ಕು ವರ್ಷದ ಹಿಂದೆ ನಡೆದದ್ದನ್ನು ಮುಚ್ಚಿಡಲಾರೆ.

ನನ್ನಣ್ಣ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ. ನಿವೃತ್ತನಾಗಿ ಬೆಳಗೋಡಿಗೆ ಬಂದ ಮೇಲೆ, ಎಲ್ಲೋ ಮುಚ್ಚಿಹೋದ ಫ್ಲೈಯಿಂಗ್ ಕ್ಲಬ್ಬೊಂದರಿಂದ ಇಬ್ಬರು ಕೂರುವ ಹಳೆಯ ವಿಮಾನ ಕೊಂಡ. ರೆಕ್ಕೆ ಬಿಚ್ಚಿ, ಲಾರಿಯಲ್ಲಿ ತಂದು ಮನೆ ಪಕ್ಕದ, ಕಾಫಿ ಮೂಟೆ ಇಡುವ ಸ್ಟೋರಿನೊಳಗೆ ಇಳಿಸಿದೆವು. ಸೀಟಿನಲ್ಲಿ ಇಲಿ ಗೂಡು ಕಟ್ಟಿತ್ತು. ರೆಕ್ಕೆಗೆ ಹೊದಿಸಿದ್ದ ಬಟ್ಟೆ ಬೆರಳಿಟ್ಟರೆ ಹರಿಯುತ್ತಿತ್ತು. ಹೊಸ ಬಟ್ಟೆಯನ್ನು ಅತ್ತಿಗೆ ಕೈಯಲ್ಲೇ ಹೊಲಿದರು. ಹೊಲಿಗೆ ಒಂಚೂರು ಆಚೀಚೆಯಾದರೂ ಅಣ್ಣ ಬಿಚ್ಚಿಸುತ್ತಿದ್ದ. "ನನ್ ಮದ್ವೆ ರವಿಕೆಗೂ ಇಷ್ಟು ತಲೆ ಕೆಡಿಸ್ಕಂಡಿರ್ಲಿಲ್ಲ ಕಣೋ" ಎಂದು ಅತ್ತಿಗೆ ನನ್ನ ಹತ್ತಿರ ದೂರುತ್ತಿದ್ದರು.

ಎರಡು ವರ್ಷ ಹೀಗೇ ಕಳೆಯಿತು. ಹಾರಿಸುವ ಅನುಮತಿ, ಮೈದಾನ ಎಲ್ಲ ಆಮೇಲಿನ ಮಾತು, ಅಣ್ಣನಿಗೆ ಮೊದಲು ಇಂಜಿನ್ ಸದ್ದು ಕೇಳಬೇಕಿತ್ತು. ಕಡೆಗೆ ಉಳಿದದ್ದು ಮ್ಯಾಗ್ನೆಟೋ, ಅಂದರೆ ಬ್ಯಾಟರಿಯಿಲ್ಲದೆ ಕಿಡಿ ಹುಟ್ಟಿಸುವ ಭಾಗ. ಅವು ಎರಡಿದ್ದವು. ಎರಡನ್ನೂ ನನ್ನ ವರ್ಕ್‌ಶಾಪಿಗೆ ಒಯ್ದಿದ್ದೆ. ಸೋಮವಾರವೇ ಸರಿಹೋಗಿದ್ದವು. ಆದರೆ ಅದು ಕಾಫಿ ಕುಯ್ಲಿನ ಕಾಲ, ಎಸ್ಟೇಟುಗಳ ಮೋಟಾರುಗಳು ಬಾಗಿಲವರೆಗೂ ಸಾಲುಗಟ್ಟಿದ್ದವು. ಅಣ್ಣ ಫೋನ್ ಮಾಡಿದಾಗ, "ಇನ್ನೂ ಆಗಿಲ್ಲ ಕಣಣ್ಣ, ಭಾನುವಾರ ತತ್ತೀನಿ" ಎಂದುಬಿಟ್ಟೆ.

"ಬೇಗ ತಾರೋ ಮಾರಾಯ, ಒಂದ್ಸಲ ಅದ್ರ ಸದ್ದು ಕೇಳ್ಬುಡ್ಬೇಕು" ಎಂದ.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಕುಸಿದುಬಿದ್ದ. ಹಾಸನ ತಲುಪುವ ಮೊದಲೇ ಉಸಿರು ನಿಂತಿತ್ತು.

ಅಣ್ಣನ ಉತ್ತರಕ್ರಿಯೆ, ಶಿವಗಣಾರಾಧನೆ ಮುಗಿದ ಮಾರನೇ ಮಧ್ಯಾಹ್ನ, ನೆಂಟರೆಲ್ಲ ಹೊರಟ ಮೇಲೆ, ಸ್ಟೋರಿಗೆ ಬೀಗ ಹಾಕಲು ಹೋದೆ. ವಿಮಾನಕ್ಕೆ ಟಾರ್ಪಾಲು ಹೊದಿಸಲು ಹೊರಟಾಗ ಮರದ ಪ್ರೊಪೆಲ್ಲರ್ ತಾನಾಗಿಯೇ ಅರ್ಧ ಸುತ್ತು ತಿರುಗಿ ನಿಂತಿತು. ಗಾಬರಿಯಿಂದ ಹಿಂದೆ ಸರಿದೆ. ಮತ್ತೆ ತಿರುಗಿತು. ಆಮೇಲೆ ಇಂಜಿನ್ ಹತ್ತಿಕೊಂಡು ಗುಡುಗತೊಡಗಿತು. ಖಾಲಿ ಗೋಣಿಚೀಲಗಳು ಹಾರಿಹೋಗಿ ಗೋಡೆಗೆ ಬಡಿದವು. ಮ್ಯಾಗ್ನೆಟೋ ಕೂರುವ ಜಾಗಗಳೆರಡೂ ಖಾಲಿಯಿದ್ದವು, ನಾನು ಅವನ್ನೇ ನೋಡುತ್ತಿದ್ದೆ. ಟ್ಯಾಂಕಿಗೆ ಒಂದು ಹನಿ ಪೆಟ್ರೋಲ್ ಹಾಕಿರಲಿಲ್ಲ. ಒಂದು ನಿಮಿಷ ಓಡಿರಬಹುದು. ನಿಂತ ಮೇಲೆ ಸಿಲಿಂಡರ್ ಮುಟ್ಟಿದೆ. ಅಂಗೈ ಸುಟ್ಟು ಗುಳ್ಳೆಯೆದ್ದಿತು.

ತಿರುಗಿದರೆ ಬಾಗಿಲಲ್ಲಿ ಅತ್ತಿಗೆ. "ಹತ್ಕಂಡ್ತಾ?" ಎಂದರು. ತಲೆಯಾಡಿಸಿದೆ. ಅಣ್ಣ ಹೋದಾಗಿನಿಂದ ಅತ್ತಿರದಿದ್ದವರು ಹೊಸ್ತಿಲ ಮೇಲೆ ಕುಳಿತು ಅಳತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಸೋಮವಾರನೇ ರೆಡಿ ಆಗಿತ್ತು ಅತ್ತಿಗೆ. ನಾನೇ ಸುಳ್ಳು ಹೇಳ್ದೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ಇದ್ನ ಅವ್ರಿಗೆ ಹೇಳ್ಬೇಕಿತ್ತಪ್ಪ" ಎಂದು ಎದ್ದು ಹೋದರು.

ಮುಂದಿನ ವಾರ ಮ್ಯಾಗ್ನೆಟೋ ಕೂರಿಸಿ, ಪೆಟ್ರೋಲ್ ತುಂಬಿ, ತೋಳು ಸೋಲುವ ತನಕ ಪ್ರೊಪೆಲ್ಲರ್ ತಿರುಗಿಸಿದೆ. ಒಮ್ಮೆಯೂ ಹತ್ತಲಿಲ್ಲ. ಅಣ್ಣನ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರು ಬಂದು ಹೊಸದಾಗಿ ಹಾಕಿದ್ದ ಪ್ಲಗ್ ಬಿಚ್ಚಿ ನೋಡಿದರು. "ಮಸಿನೇ ಹಿಡಿದಿಲ್ವಲ್ರೀ, ಇದು ಓಡೇ ಇಲ್ಲ" ಎಂದರು. ನನ್ನ ಅಂಗೈ ತೋರಿಸಿದೆ. ನೋಡಿ, ಪ್ಲಗ್ಗನ್ನು ತಿರುಗಿ ಬಿಗಿದರು.

ಅದು ಹೇಗೆ ಓಡಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಓಡುವುದೇ ಆಗಿದ್ದರೆ ಅಣ್ಣ ಇದ್ದಾಗಲೇ ಓಡಬಾರದಿತ್ತೇ ಎಂದು ಕೇಳಿಕೊಳ್ಳುತ್ತಿರುತ್ತೇನೆ. ಇಂಜಿನ್ ಬಿಗಿದುಕೊಳ್ಳದಿರಲಿ ಎಂದು ಬಿಡುವಾದಾಗಲೆಲ್ಲ ಹೋಗಿ ಪ್ರೊಪೆಲ್ಲರನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಮನೆಯೊಳಗೆ ಬಂದರೆ ಅತ್ತಿಗೆ, "ಇವತ್ತೂ ಇಲ್ವಾ?" ಎನ್ನುತ್ತಾರೆ.

"ಇಲ್ಲ" ಎನ್ನುತ್ತೇನೆ. ಅವರು ಊಟಕ್ಕೆ ತಟ್ಟೆ ಇಡುತ್ತಾರೆ.