ಜಪದಲ್ಲಿ ನನ್ನ ಪಾಲು

ತಮ್ಮನನ್ನು ಮಣ್ಣು ಮಾಡಿ ಬಂದ ದಿನವೇ ನೆರೆಮನೆಯ ಹೆಂಗಸು ನನ್ನ ಗಲ್ಲ ಸವರಿ, “ಒಳ್ಳೆಯವ್ರನ್ನ ದೇವ್ರು ಬೇಗ ಕರೀತಾನೆ ಮಗಾ” ಅಂದಳು. ಮೈಯೆಲ್ಲ ಉರಿದುಹೋಯಿತು. ಹಾಗಾದರೆ ನೀನು ಯಾಕೆ ಇನ್ನೂ ಇಲ್ಲೇ ಇದ್ದೀ ಎಂದು ಕೇಳಿಯೇಬಿಟ್ಟೆ. ಆಮೇಲೆ ಅವಳು ನಮ್ಮ ಹೊಸ್ತಿಲು ತುಳಿಯಲಿಲ್ಲ. ಒಳ್ಳೇದೇ ಆಯಿತು.

ಹೊನ್ನಾವರದ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಬೆಳಿಗ್ಗೆ ಮೀನಿಗೆ ಹೊರಟ ದೋಣಿ ಮಗುಚಿತ್ತು. ದೋಣಿಯಲ್ಲಿ ಇದ್ದವರು ಇಬ್ಬರೇ. ತಮ್ಮನ ಜೊತೆಗಾರ, ಪಕ್ಕದ ಕೇರಿಯ ಹಿಂದೂ ಮೀನುಗಾರ, ಖಾರ್ವಿಯವನು, ಬದುಕಿದ. ತಮ್ಮ ಎರಡು ದಿನದ ಮೇಲೆ ಧಾರೇಶ್ವರದ ದಂಡೆಗೆ ಬಂದು ಬಿದ್ದ. ಬದುಕಿದವನು ಆಸ್ಪತ್ರೆಯಿಂದ ಸೀದಾ ಮಲ್ಪೆಗೆ ಕೆಲಸಕ್ಕೆ ಹೋದನಂತೆ. ಎಂತಾಯಿತು, ಹೇಗಾಯಿತು, ಒಂದು ಮಾತು ಹೇಳಲೂ ಬರಲಿಲ್ಲ. ಅವನಿಗೆ ನಾನು ಹಾಕಿದ ಶಾಪ ಬರೆಯುವ ಹಾಗಿಲ್ಲ.

ನಮ್ಮದು ಕ್ರಿಸ್ತುವರ ಮನೆ. ಮೂರುಸಂಜೆಗೆ ಕೊಂಕಣಿಯಲ್ಲಿ ಜಪಮಾಲೆ ತಪ್ಪಿದ್ದಿಲ್ಲ. ಒಬ್ಬರು ಪ್ರಾರ್ಥನೆಯ ಅರ್ಧ ಹೇಳಿ ನಿಲ್ಲಬೇಕು, ಉಳಿದರ್ಧ ಇನ್ನೊಬ್ಬರು ಹೇಳಬೇಕು. ಹಾಗೆ ಐವತ್ತು ಮಣಿ. ಮೊದಲರ್ಧ ತಮ್ಮ ಹೇಳುತ್ತಿದ್ದ, ಉಳಿದದ್ದು ನನ್ನ ಪಾಲು. ನಮ್ಮ ಮರಣದ ಗಳಿಗೆಯಲ್ಲಿ ನಮಗಾಗಿ ಬೇಡಿಕೋ ಎಂದು ದೇವಮಾತೆಯನ್ನು ಕೇಳುವ ಮಾತು ಆ ಪಾಲಿನಲ್ಲೇ ಬರುತ್ತದೆ. ಮಾತು ಬಂದಾಗಿನಿಂದ ಬೇಡಿದ್ದೇನೆ. ಅವನ ಗಳಿಗೆ ಬಂದಾಗ ಅಲ್ಲಿ ಯಾರಿದ್ದರು? ಉಪ್ಪುನೀರು ಇತ್ತು. ಥೂ, ಇಷ್ಟಕ್ಕೇನಾ ನಾನು ಮಂಡಿ ಸವೆಸಿಕೊಂಡದ್ದು! ಅಂದಿನಿಂದ ಬಾಯಿ ಮುಚ್ಚಿದೆ.

ಅಮ್ಮ ಮುಚ್ಚಲಿಲ್ಲ. ತಮ್ಮನ ಪಾಲನ್ನು ತಾನು ಎತ್ತಿಕೊಂಡಳು. ಅವಳು ಜಪಮಾಲೆ ಹಿಡಿದು ಕುಳಿತ ಕೂಡಲೇ ನಾನು ಹೊಲಿಗೆ ಮೆಷಿನ್‌ಗೆ ಕೂರುತ್ತಿದ್ದೆ. ಹೊಲಿಯಲು ಬಟ್ಟೆ ಇಲ್ಲದಿದ್ದರೂ ಬೇಕೆಂದೇ ಗಡಗಡ ತುಳಿಯುತ್ತಿದ್ದೆ. ಅವಳು ಅರ್ಧ ಹೇಳಿ ನಿಲ್ಲುತ್ತಿದ್ದಳು. ನನ್ನ ಪಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ಕೂತು, ಮುಂದಿನ ಮಣಿಗೆ ಹೋಗುತ್ತಿದ್ದಳು. ಐವತ್ತು ಸಲ! ದಿನಾ! ಒಂದು ಸಂಜೆ ಮೆಷಿನ್ ನಿಲ್ಲಿಸಿ ಕೂಗಿದೆ.

“ಪೂರಾ ನೀನೇ ಹೇಳ್ಕ. ನಂಗೆ ಎಂತಕ್ಕೆ ಕಾಯ್ತೆ?”

“ನಿನ್ನ ಪಾಲು ನಾನು ಹೇಳೂಕೆ ಆಗೂದಿಲ್ಲ.”

“ನಂಗೆ ಅವನ ಮೇಲೆ ಸಿಟ್ಟದೆ.” ನಾನು ಗೋಡೆಯ ಶಿಲುಬೆಯತ್ತ ಕೈ ಮಾಡಿದೆ.

“ನಂಗಿಲ್ಲ ಅಂದ್ಕಂಡ್ಯಾ?” ಅಮ್ಮನ ದನಿಯೂ ಏರಿತು. “ನಾನೂ ಬೈತೆ. ಆದ್ರೆ ಎದುರಿಗೆ ಕೂತು ಬೈತೆ. ನೀನು ಬೆನ್ನು ಹಾಕಿ ಬೈತೆ. ಅಂವನೂ ಆ ಶಿಲುಬೆ ಮೇಲೆ ತೂಗ್ತಾ ಇದ್ದಾಗ ಅಪ್ಪನ ಹತ್ರ ಕೇಳ್ದ, ನನ್ನ ಕೈ ಎಂತಕ್ಕೆ ಬಿಟ್ಟೆ ಹೇಳಿ. ಆವಾಗ ಅಂವಂಗೂ ಉತ್ರ ಬರ್ಲಿಲ್ಲ. ಮೂರನೇ ದಿನಕ್ಕೆ ಬಂತು, ಗೋರಿಯಿಂದ ಎದ್ದು ಬಂದ.”

“ನಮ್ಗೆ ಎಷ್ಟು ತಿಂಗ್ಳಾತು?”

“ನಮ್ಗೆ ಇನ್ನೂ ಮೂರನೇ ದಿನ ಆಗ್ಲಿಲ್ಲ, ಆತಾ?”

ಅಮ್ಮನ ಹತ್ತಿರ ವಾದಕ್ಕೆ ನಿಂತು ಗೆದ್ದವರಿಲ್ಲ. ಮತ್ತೆ ಮೆಷಿನ್ ತುಳಿದೆ.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಆ ಜೊತೆಗಾರ ಬಂದು ಅಂಗಳದಲ್ಲಿ ನಿಂತ. ಬಡಕಲಾಗಿದ್ದ. ನನಗೆ ಕನಿಕರ ಬರಲಿಲ್ಲ.

“ಈಗ ದಾರಿ ಸಿಕ್ತಾ ನಿಂಗೆ? ಸತ್ತವ ಸತ್ತ, ಬದುಕಿದವಂಗೆ ಕಾಲೂ ಇರ್ಲಿಲ್ವಾ?”

“ಬೈಯಿ ಅಕ್ಕಾ. ಬೈಸ್ಕಳೂಕೇ ಬಂದೆ,” ಅಂದ. ಅಮ್ಮ ಒಳಗಿಂದ ಬಂದು ಜಗುಲಿಯಲ್ಲಿ ಕೂತಳು. ಅವನು ನೆಲ ನೋಡುತ್ತ ಹೇಳಿದ.

“ಇಬ್ರೂ ಒಂದೇ ಖಾಲಿ ಕ್ಯಾನ್ ಹಿಡ್ಕಂಡು ತೇಲ್ತಿದ್ದೆವು. ಅಂವನ ತಲೆಗೆ ಪೆಟ್ಟಾಗಿತ್ತು. ನಾನು ಅಂವನ ಅಂಗಿ ಬಿಡ್ಲಿಲ್ಲ. ಅಂವ ನಿಮ್ಮ ಜಪ ಶುರು ಮಾಡ್ದ. ಅರ್ಧ ಹೇಳಿ ನಿಲ್ಸ್ದ, ನನ್ನ ಮುಖ ನೋಡ್ದ. ನಮ್ದೂ ಕೊಂಕಣಿಯೇ, ಮಾತು ತಿಳೀತದೆ. ಆದ್ರೆ ಮುಂದೆ ಎಂತ ಹೇಳೂದು ಗೊತ್ತಿಲ್ಲ. ಅಂವ ಕಾಯ್ತಾ ಇದ್ದ. ನಾನು ‘ಹೂಂ’ ಅಂದೆ. ಮತ್ತೆ ಹೇಳ್ದ, ಮತ್ತೆ ಹೂಂ ಅಂದೆ. ಎಷ್ಟು ಸಲವೋ. ಕಡೆಗೆ ನಾನು ಹೂಂ ಅಂದ್ರೂ ಅಂವ ಹೇಳ್ಲಿಲ್ಲ. ಆಮೇಲೆ ಒಂದು ತೆರೆಗೆ ಅಂಗಿ ಕೈಯಿಂದ ಜಾರ್ತು.”

ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. “ಅಂವಂಗೆ ಬೇಕಾದದ್ದು ಹೇಳೂಕೆ ಬರ್ಲಿಲ್ಲ ನಂಗೆ. ಯಾವ ಮುಖ ಹೊತ್ಕಂಡು ಬರ್ಲಿ?”

ಅಲ್ಲಿ ಯಾರಿದ್ದರು ಎಂದು ಎಂಟು ತಿಂಗಳು ಹಲ್ಲು ಕಡಿದು ಕೇಳಿದ್ದೆ. ಇವನಿದ್ದ. ಜಪದ ಒಂದಕ್ಷರ ಬಾರದವನು ಅಂಗಿ ಹಿಡಿದುಕೊಂಡು ಹೂಂಗುಟ್ಟುತ್ತ ಇದ್ದ. ದೇವರೇ, ನಿನಗೆ ಕಳಿಸಲು ಸಿಕ್ಕಿದ್ದು ಇವನೊಬ್ಬನೇನಾ ಎಂದು ಮನಸ್ಸಿನಲ್ಲೇ ಬೈದೆ. ಬೈಯುತ್ತಿರುವಾಗಲೇ ತಿಳಿಯಿತು, ಎಂಟು ತಿಂಗಳಲ್ಲಿ ಮೊದಲ ಸಲ ದೇವರ ಮುಖ ನೋಡಿ ಬೈಯುತ್ತಿದ್ದೇನೆ.

“ಅದ್ರ ಮುಂದಿಂದು ಎಂತ ಅಕ್ಕಾ?” ಜೊತೆಗಾರ ಕೇಳಿದ.

ಅಮ್ಮನಿಗೆ ಬಾರದ್ದೇನಲ್ಲ. ಆದರೂ ನನ್ನನ್ನೇ ನೋಡುತ್ತ ಕೂತಳು, ಹಠಮಾರಿ ಮುದುಕಿ. ಸಿಟ್ಟಿನಲ್ಲೇ ನನ್ನ ಪಾಲು ಶುರು ಮಾಡಿದೆ. ನಡುವೆ ಒಂದು ಪದ ತಪ್ಪಿ ಮತ್ತೆ ಮೊದಲಿಂದ ಹಿಡಿದೆ, ಅವರಿಬ್ಬರೂ ಕಾದರು. ಮರಣದ ಗಳಿಗೆಯವರೆಗೂ ಹೇಳಿ ಮುಗಿಸಿದೆ.

ಅವನು “ಹೂಂ” ಅಂದ.